ಹರಾಜಿನ ಫೋಟೊ ಎಷ್ಟು ನಿಜ ಹೇಳುತ್ತಿದೆ? ಬಿಡ್ ಮಾಡುವ ಮೊದಲು ನಾಣ್ಯ ಸಂಗ್ರಾಹಕರು ಮಾಡಬೇಕಾದ ಪರೀಕ್ಷೆ

ಆನ್‌ಲೈನ್ ಹರಾಜಿನಲ್ಲಿ ನಾಣ್ಯ ಕೊಳ್ಳುವವರಿಂದ ಎರಡು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಫೋಟೊದಲ್ಲಿ ಥಳಥಳಿಸುತ್ತಿದ್ದ ಬೆಳ್ಳಿ ರೂಪಾಯಿ ಕೈಗೆ ಬಂದಾಗ ಕಳೆಗೆಟ್ಟಿತ್ತು ಎಂಬುದು ಒಂದು. ಫೋಟೊದಲ್ಲಿ ಮಂಕಾಗಿ ಕಂಡಿತೆಂದು ಕೈಬಿಟ್ಟ ನಾಣ್ಯವನ್ನು ಆಮೇಲೆ ಇನ್ನೊಬ್ಬರ ಆಲ್ಬಮ್ಮಿನಲ್ಲಿ ನೋಡಿ ಕೈಕೈ ಹಿಸುಕಿಕೊಳ್ಳಬೇಕಾಯಿತು ಎಂಬುದು ಇನ್ನೊಂದು. ಎರಡರಲ್ಲೂ ಎಡವಿದ ಜಾಗ ಒಂದೇ ಆಗಿರುತ್ತದೆ. ಹೆಚ್ಚಿನವರು ಮೊದಲು ಇಸವಿ, ಟಂಕಸಾಲೆ, ಬೆಲೆ ನೋಡುತ್ತಾರೆ, ಆಮೇಲೆ ನಾಣ್ಯದ ಸ್ಥಿತಿ ನೋಡುತ್ತಾರೆ, ಫೋಟೊವನ್ನು ಫೋಟೊ ಎಂದು ನೋಡುವುದೇ ಇಲ್ಲ. ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಮೊದಲು ಚಿತ್ರ ತೆಗೆದ ರೀತಿಯನ್ನು ಓದಬೇಕು, ಅನಂತರ ನಾಣ್ಯವನ್ನು, ಅದಾದ ಮೇಲೆ ವಿವರಣೆಯನ್ನು, ಬೆಲೆಯನ್ನು ಎಲ್ಲಕ್ಕಿಂತ ಕೊನೆಗೆ.

ಇಲ್ಲಿನ ಉದಾಹರಣೆಗಳು ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ, ಟಿಪ್ಪುವಿನ ತಾಮ್ರದ ಪೈಸೆ, ವಿಜಯನಗರ ಮತ್ತು ಮೈಸೂರಿನ ಚಿನ್ನದ ನಾಣ್ಯಗಳಿಂದ ಬಂದಿವೆ. ಲೋಹ ಬೇರೆಯಾದಂತೆ ಫೋಟೊ ಮೋಸ ಮಾಡುವ ಬಗೆಯೂ ಬೇರೆಯಾಗುತ್ತದೆ ಎಂಬುದನ್ನು ತೋರಿಸಲು ಈ ಮೂರು ಸಾಕು.

ಬೇಕಾಗುವ ಸಾಮಗ್ರಿ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, 0.01 ಗ್ರಾಂವರೆಗೆ ಓದುವ ಜೇಬು ತಕ್ಕಡಿ, ಡಿಜಿಟಲ್ ಕ್ಯಾಲಿಪರ್, ಕತ್ತು ಬಗ್ಗಿಸಬಹುದಾದ ಒಂದು ಮೇಜಿನ ದೀಪ, ಒಂದು ಮೊಬೈಲ್ ಮತ್ತು ಸಾಧ್ಯವಿದ್ದರೆ ಲ್ಯಾಪ್‌ಟಾಪ್ ಅಥವಾ ಮಾನಿಟರ್ ಇರಬೇಕು. ಇವುಗಳ ಜೊತೆಗೆ ನಿಮ್ಮ ಬಳಿ ಈಗಾಗಲೇ ಇರುವ, ಸ್ಥಿತಿ ಚೆನ್ನಾಗಿ ಗೊತ್ತಿರುವ ಎರಡು ಬೆಳ್ಳಿ ರೂಪಾಯಿಗಳು ಬೇಕು: ಒಂದು ಮೂಲ ಹೊಳಪು ಉಳಿಸಿಕೊಂಡಿರುವಂಥದ್ದು, ಇನ್ನೊಂದು ಯಾರೋ ತಿಕ್ಕಿ ಬೆಳಗಿದ್ದು. ಎರಡನೆಯದನ್ನು ಹುಡುಕಲು ಕಷ್ಟಪಡಬೇಕಿಲ್ಲ. ವಿಭೂತಿ, ಹುಣಸೆಹಣ್ಣು, ಹಲ್ಲುಜ್ಜುವ ಪೇಸ್ಟು ಇವುಗಳ ಕೈಗೆ ಸಿಗದ ಹಳೆಯ ರೂಪಾಯಿಯೇ ನಮ್ಮ ಮನೆಗಳಲ್ಲಿ ಅಪರೂಪ.

ಹಂತ 1: ಪರದೆಯ ಬಣ್ಣ ಸರಿಪಡಿಸಿಕೊಳ್ಳಿ

ಮೊಬೈಲಿನಲ್ಲಿ ಕಣ್ಣಿನ ಆರಾಮಕ್ಕೆಂದು ಹಾಕಿಕೊಂಡ ರಾತ್ರಿ ಬೆಳಕಿನ ಸೌಲಭ್ಯ ಬೆಳ್ಳಿಯನ್ನು ಹಳದಿಯಾಗಿಸುತ್ತದೆ. ಐಫೋನಿನ ನೈಟ್ ಶಿಫ್ಟ್ ಮತ್ತು ಟ್ರೂ ಟೋನ್, ಆಂಡ್ರಾಯ್ಡ್ ಫೋನುಗಳ ವಿವಿಡ್ ಮೋಡ್ ಇವೆಲ್ಲವನ್ನೂ ನಾಣ್ಯ ನೋಡುವಾಗ ಆಫ್ ಮಾಡಿ, ಬಣ್ಣದ ಆಯ್ಕೆಯನ್ನು ನ್ಯಾಚುರಲ್‌ಗೆ ತಿರುಗಿಸಿಕೊಳ್ಳಿ. ಪರದೆಯ ಬೆಳಕು ಮಧ್ಯಮ ಮಟ್ಟದಲ್ಲಿರಲಿ. ನಿಮ್ಮದೇ ರೂಪಾಯಿಯ ಫೋಟೊವನ್ನು ಹಗಲು ಬೆಳಕಿನಲ್ಲಿ ತೆಗೆದು, ನಾಣ್ಯವನ್ನು ಪರದೆಯ ಪಕ್ಕ ಹಿಡಿದು ಬಣ್ಣ ಹೊಂದುತ್ತದೆಯೇ ಎಂದು ಒಮ್ಮೆ ನೋಡಿಕೊಂಡರೆ ಈ ಹಂತ ಮುಗಿಯಿತು.

ಹಂತ 2: ಗೊತ್ತಿರುವ ನಾಣ್ಯದ ಮೇಲೆ ಕಣ್ಣು ಪಳಗಿಸಿ

ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು ಸೋಲುವುದು, ಆದ್ದರಿಂದ ಇಲ್ಲಿ ಒಂದು ಸಂಜೆ ಕಳೆದರೂ ನಷ್ಟವಿಲ್ಲ. ಕೋಣೆಯ ಉಳಿದ ದೀಪಗಳನ್ನು ಆರಿಸಿ, ಹೊಳಪುಳ್ಳ ರೂಪಾಯಿಯನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಮೊಬೈಲನ್ನು ನೇರ ಮೇಲೆ ಅಲುಗದಂತೆ ನಿಲ್ಲಿಸಿ. ಇನ್ನು ಮುಂದೆ ದೀಪವನ್ನು ಮಾತ್ರ ಸರಿಸುತ್ತ ನಾಲ್ಕು ಚಿತ್ರ ತೆಗೆಯಬೇಕು.

ಮೊದಲ ಚಿತ್ರಕ್ಕೆ ದೀಪವನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ, ಬೆಳಕು ನಾಣ್ಯದ ಮೇಲೆ ಉಜ್ಜಿಕೊಂಡು ಹೋಗುವಂತೆ ಹಿಡಿಯಿರಿ. ಒಂದೊಂದು ಗೀರು, ಒಂದೊಂದು ಪೆಟ್ಟು ನೆರಳು ಚೆಲ್ಲಿ ಎದ್ದು ಕಾಣುತ್ತದೆ ಮತ್ತು ಒಳ್ಳೆಯ ನಾಣ್ಯವೂ ಗಾಯಗೊಂಡಂತೆ ತೋರುತ್ತದೆ. ಎರಡನೆಯ ಚಿತ್ರಕ್ಕೆ ದೀಪವನ್ನು ಎತ್ತರಿಸಿ ಮೊಬೈಲಿಗೆ ತೀರ ಹತ್ತಿರ ತನ್ನಿ. ಈಗ ಬಯಲು ಭಾಗದ, ಅಂದರೆ ಅಕ್ಷರ ಮತ್ತು ಚಿತ್ರವಿಲ್ಲದ ಸಮತಟ್ಟು ಜಾಗದ ಮೇಲೆ ಕೇಂದ್ರದಿಂದ ಅಂಚಿನ ಕಡೆಗೆ ಬೀಸಣಿಗೆಯಂತೆ ಹರಡಿದ ಹೊಳಪಿನ ಪಟ್ಟಿ ಬರುತ್ತದೆ, ಸಣ್ಣ ಗೀರುಗಳು ಅದರೊಳಗೆ ಮುಳುಗಿಹೋಗುತ್ತವೆ. ಮೂರನೆಯದಕ್ಕೆ ದೀಪ ಮತ್ತು ನಾಣ್ಯದ ನಡುವೆ ಬಿಳಿ ಕಾಗದ ಹಿಡಿಯಿರಿ. ಬೆಳಕು ಚೆದುರಿ ಹೊಳಪೆಲ್ಲ ಸತ್ತು, ಆಕಾರ ಮತ್ತು ಬಣ್ಣ ಮಾತ್ರ ಉಳಿಯುತ್ತವೆ. ನಾಲ್ಕನೆಯದನ್ನು ಕಾಗದ ತೆಗೆದು, ಕ್ಯಾಮೆರಾದ ಎಕ್ಸ್‌ಪೋಷರ್ ಎರಡು ಮಟ್ಟ ಏರಿಸಿ ತೆಗೆಯಿರಿ. ಬಿಳಿಯಾದ ಕಡೆ ಏನೂ ದಾಖಲಾಗಿರುವುದಿಲ್ಲ.

ಇದೇ ನಾಲ್ಕನ್ನು ತಿಕ್ಕಿದ ರೂಪಾಯಿಯ ಮೇಲೂ ಮಾಡಿ, ಎಂಟೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕಾಗದದ ಹಿಂದಿನ ಬೆಳಕಿನಲ್ಲಿ ಹಾಗೂ ಎಕ್ಸ್‌ಪೋಷರ್ ಏರಿಸಿದ ಚಿತ್ರದಲ್ಲಿ ಒಳ್ಳೆಯ ನಾಣ್ಯಕ್ಕೂ ಕೆಟ್ಟ ನಾಣ್ಯಕ್ಕೂ ವ್ಯತ್ಯಾಸ ಹೇಳುವುದು ಬಹಳ ಕಷ್ಟವಾಗುತ್ತದೆ. ಹರಾಜಿನ ಪಟ್ಟಿಗಳಲ್ಲಿ ಬರುವ ಚಿತ್ರಗಳಲ್ಲಿ ಬಹುಪಾಲು ಈ ಎರಡು ಬಗೆಗೇ ಸೇರಿರುತ್ತವೆ. ಚೆದುರಿದ ಬೆಳಕಿನಲ್ಲಿ ಕೆಲಸ ಬೇಗ ಮುಗಿಯುತ್ತದೆ, ನೂರಾರು ಲಾಟ್‌ಗಳಿಗೂ (ಹರಾಜಿಗಿಟ್ಟ ಒಂದೊಂದು ವಸ್ತುವಿಗೂ) ಒಂದೇ ಹೊಂದಿಕೆ ಸಾಕಾಗುತ್ತದೆ. ಮೋಸದ ಉದ್ದೇಶ ಇರಲೇಬೇಕೆಂದೇನಿಲ್ಲ.

ಹಂತ 3: ಬೆಳಕು ಎಲ್ಲಿಂದ ಬಂದಿದೆ ಎಂದು ಪತ್ತೆಮಾಡಿ

ಈಗ ಹರಾಜಿನ ಫೋಟೊ ತೆರೆಯಿರಿ. ರಾಜನ ಮುಖ ನೋಡಬೇಡಿ, ಅಂಚಿನ ಸುತ್ತ ಇರುವ ಮಣಿಗಳನ್ನು ನೋಡಿ. ಮಣಿ ಉರುಟಾಗಿ ಎದ್ದಿರುವುದರಿಂದ ಬೆಳಕು ಬಂದ ಕಡೆ ಹೊಳೆಯುತ್ತದೆ, ಎದುರು ಕಡೆ ನೆರಳಾಗಿರುತ್ತದೆ. ಮೇಲಿನ, ಕೆಳಗಿನ, ಎಡ, ಬಲ ನಾಲ್ಕೂ ದಿಕ್ಕಿನ ಮಣಿಗಳನ್ನು ಪರೀಕ್ಷಿಸಿದರೆ ದೀಪ ಒಂದೇ, ಎರಡೇ, ಅಥವಾ ಸುತ್ತಲೂ ಉಂಗುರದಂತೆ ಇತ್ತೇ ಎಂದು ತಿಳಿಯುತ್ತದೆ. ಮಣಿಗಳಿಗೆ ನೆರಳೇ ಇಲ್ಲದಿದ್ದರೆ ಅದು ಚೆದುರಿದ ಬೆಳಕು ಅಥವಾ ಸ್ಕ್ಯಾನರ್ ಚಿತ್ರ. ಸ್ಕ್ಯಾನರ್ ಚಿತ್ರದಲ್ಲಿ ಹೊಳಪನ್ನು ಹುಡುಕುವುದು ವ್ಯರ್ಥ. ಹೊಳಪಿರುವ ನಾಣ್ಯವೂ ಅಲ್ಲಿ ಬೂದಿ ಬಣ್ಣಕ್ಕಿರುತ್ತದೆ. ಫೋಟೊ ನೋಡಿ ಒಳ್ಳೆಯ ನಾಣ್ಯ ಬಿಟ್ಟುಕೊಟ್ಟವರು ಹೆಚ್ಚಾಗಿ ಇಲ್ಲಿಯೇ ತಪ್ಪಿರುತ್ತಾರೆ.

ನಮ್ಮ ಕಣ್ಣು ಬೆಳಕು ಮೇಲಿನಿಂದ ಬರುತ್ತದೆ ಎಂದು ಎಣಿಸಿಕೊಂಡೇ ನೋಡುತ್ತದೆ. ದೀಪ ಕೆಳಗಿದ್ದರೆ ಉಬ್ಬಿದ ಅಕ್ಷರ ತಗ್ಗಾಗಿ, ಆಳದ ಗುಂಡಿ ಬೊಕ್ಕೆಯಾಗಿ ಕಾಣಿಸಬಹುದು. ಹಾಗೆ ಗೊಂದಲವಾದಾಗ ಚಿತ್ರವನ್ನು 180 ಡಿಗ್ರಿ ತಿರುಗಿಸಿ ನೋಡಿ. ಎರಕದ ನಕಲಿನ ಗುಳ್ಳೆಯೋ ಅಥವಾ ಅಸಲಿ ನಾಣ್ಯಕ್ಕೆ ಬಿದ್ದ ಪೆಟ್ಟೋ ಎಂಬುದು ಉಬ್ಬು ತಗ್ಗುಗಳ ಮೇಲೆಯೇ ನಿಂತಿರುವಾಗ ಈ ಸಣ್ಣ ಕೆಲಸ ತೀರ್ಮಾನವನ್ನೇ ಬದಲಿಸುತ್ತದೆ.

ಹಂತ 4: ಚಿತ್ರದಲ್ಲಿ ಎಷ್ಟು ಕಾಣಲು ಸಾಧ್ಯ ಎಂದು ಲೆಕ್ಕ ಹಾಕಿ

ಬ್ರಿಟಿಷ್ ಇಂಡಿಯಾ ರೂಪಾಯಿಯ ಅಡ್ಡಳತೆ ಸುಮಾರು 30.5 ಮಿ.ಮೀ. ಫೋಟೊದಲ್ಲಿ ನಾಣ್ಯದ ಅಗಲ 900 ಪಿಕ್ಸೆಲ್ ಇದ್ದರೆ ಒಂದು ಮಿಲಿಮೀಟರಿಗೆ 30 ಪಿಕ್ಸೆಲ್‌ಗಿಂತ ತುಸು ಕಡಿಮೆ ಬರುತ್ತದೆ. ಬಟ್ಟೆಯಿಂದ ತಿಕ್ಕಿದಾಗ ಬೀಳುವ ನವಿರು ಗೀರು 0.02 ಮಿ.ಮೀ. ಅಗಲವಿದೆ ಎಂದಿಟ್ಟುಕೊಂಡರೆ ಅದಕ್ಕೆ ಒಂದು ಇಡೀ ಪಿಕ್ಸೆಲ್ಲೂ ಸಿಗುವುದಿಲ್ಲ. ಅಂಥ ಫೋಟೊದಲ್ಲಿ ಗೀರು ಕಾಣಲಿಲ್ಲ ಎಂದರೆ ಗೀರಿಲ್ಲ ಎಂದು ಅರ್ಥವಲ್ಲ. ನಾಣ್ಯದ ಅಗಲ 2,000 ಪಿಕ್ಸೆಲ್‌ಗಿಂತ ಕಡಿಮೆ ಇರುವ ಚಿತ್ರದ ಆಧಾರದ ಮೇಲೆ ಬೆಳ್ಳಿ ರೂಪಾಯಿಯನ್ನು ‘ತಿಕ್ಕಿಲ್ಲ’ ಎಂದು ತೀರ್ಮಾನಿಸಲು ನಾನಂತೂ ಒಪ್ಪುವುದಿಲ್ಲ.

ಇದೇ ಲೆಕ್ಕ ಚಿಕ್ಕ ನಾಣ್ಯಕ್ಕೆ ತಿರುವುಮುರುವಾಗುತ್ತದೆ. ಮೈಸೂರಿನ ಕಂಠೀರಾಯಿ ಹಣದಂಥ ಚಿನ್ನದ ನಾಣ್ಯದ ಅಗಲ ಆರೇಳು ಮಿಲಿಮೀಟರ್ ಅಷ್ಟೆ. ಅದೇ 900 ಪಿಕ್ಸೆಲ್‌ನಲ್ಲಿ ಮಿಲಿಮೀಟರಿಗೆ 130ರಿಂದ 150 ಪಿಕ್ಸೆಲ್ ಸಿಗುವುದರಿಂದ ಬರಿಗಣ್ಣಿಗೆ ಎಂದೂ ಕಾಣದ ಬಿರುಕು, ಅಚ್ಚಿನ ಒರಟು, ಧೂಳಿನ ಕಣ ಎಲ್ಲವೂ ಭೀಕರವಾಗಿ ಹಿಗ್ಗಿರುತ್ತವೆ. ಆದ್ದರಿಂದ ಯಾವ ನಾಣ್ಯವಾದರೂ ಚಿತ್ರವನ್ನು ಮೊದಲು ಕುಗ್ಗಿಸಿ, ಪರದೆಯ ಮೇಲೆ ಸ್ಕೇಲ್ ಇಟ್ಟು ನಿಜವಾದ ಅಳತೆಗೆ ತಂದು ನೋಡಿ. ಕೈಯಲ್ಲಿ ಹಿಡಿದಾಗ ಕಾಣುವುದು ಅದೇ. ಆಮೇಲೆ ಹಿಗ್ಗಿಸಿ.

ಹಂತ 5: ಚಿತ್ರ ತಿದ್ದಿದ ಗುರುತುಗಳು

ಹಿನ್ನೆಲೆ ಅಳಿಸಿ ಬಿಳಿ ಅಥವಾ ಕಪ್ಪು ಮಾಡುವುದು ಎಲ್ಲೆಡೆ ಇರುವ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಕತ್ತರಿಸುವಾಗ ನಾಣ್ಯದ ಅಂಚಿನ ಮೇಲಿನ ಸಣ್ಣ ಪೆಟ್ಟುಗಳೂ ಕತ್ತರಿಸಿಹೋಗುತ್ತವೆ ಎಂಬುದಷ್ಟೇ ಅಪಾಯ. ಹಸ್ತಚಾಲಿತ ಅಚ್ಚಿನ ನಾಣ್ಯದ ಸುತ್ತಳತೆ ಕಂಪಾಸಿನಲ್ಲಿ ಬರೆದಷ್ಟು ದುಂಡಗೆ ಕಂಡರೆ ಅಂಚು ಹೋಗಿದೆ ಎಂದೇ ತಿಳಿಯಿರಿ.

ಅಕ್ಷರಗಳ ಸುತ್ತ ತೆಳ್ಳನೆಯ ಬಿಳಿ ಗೆರೆ ಹರಿದಿದ್ದರೆ ಮತ್ತು ಬಯಲು ಭಾಗ ಮರಳು ಎರಚಿದಂತಿದ್ದರೆ ಶಾರ್ಪನಿಂಗ್ (ಅಂಚುಗಳನ್ನು ಚುರುಕಾಗಿಸುವ ತಿದ್ದುಪಡಿ) ಹೆಚ್ಚು ಹಾಕಲಾಗಿದೆ. ಸವೆದ ಕೂದಲಿನ ಗೆರೆಗಳು ಇರುವುದಕ್ಕಿಂತ ಚುರುಕಾಗಿ ಕಾಣುತ್ತಿರುತ್ತವೆ. ಇದಕ್ಕೆ ವಿರುದ್ಧವಾಗಿ ಬಯಲು ಮೇಣ ಹಚ್ಚಿದಷ್ಟು ನುಣುಪಾಗಿದ್ದು, ಅಕ್ಷರಗಳ ಅಂಚೂ ಕರಗಿದಂತಿದ್ದರೆ ಫೋನಿನ ತಂತ್ರಾಂಶ ಗೀರುಗಳನ್ನು ಒರೆಸಿಹಾಕಿದೆ. ಈಚಿನ ಫೋನುಗಳು ಕೇಳದೆಯೇ ಈ ಕೆಲಸ ಮಾಡುತ್ತವೆ. ಹಾಗಾಗಿ ಬಿಡಿ ಮಾರಾಟಗಾರರ ಮೊಬೈಲ್ ಚಿತ್ರಗಳಲ್ಲಿ ಇದನ್ನು ಮೊದಲು ಹುಡುಕಬೇಕು.

ಚಿತ್ರವನ್ನು ಉಳಿಸಿಕೊಂಡು ನೀವೂ ತಿದ್ದಿ ನೋಡಿ. ನೆರಳನ್ನು (ಶ್ಯಾಡೋಸ್) ಏರಿಸಿದರೆ ಕಪ್ಪಿನೊಳಗೆ ಅಡಗಿದ ಗುಂಡಿಗಳು ಹೊರಬರುತ್ತವೆ, ಹೊಳಪನ್ನು (ಹೈಲೈಟ್ಸ್) ತಗ್ಗಿಸಿದರೆ ಬಿಳಿಯ ಹಿಂದೆ ಏನಾದರೂ ಉಳಿದಿದೆಯೇ ತಿಳಿಯುತ್ತದೆ, ಬಣ್ಣದ ಸಾಂದ್ರತೆ ಏರಿಸಿದರೆ ತಾಮ್ರದ ಮೇಲಿನ ಹಸಿರು ಕಿಲುಬು ಕಣ್ಣಿಗೆ ಹೊಡೆಯುತ್ತದೆ. ಹೊಳಪು ತಗ್ಗಿಸಿದಾಗಲೂ ಬಿಳಿ ಬರೀ ಬೂದು ಬಣ್ಣದ ಹಾಳೆಯಾಗಿ ಉಳಿದರೆ ಆ ಜಾಗದ ಮಾಹಿತಿ ಚಿತ್ರದಲ್ಲೇ ಇಲ್ಲ.

ಹಂತ 6: ಈಗ ನಾಣ್ಯಕ್ಕೆ ಬನ್ನಿ

ಬೆಳ್ಳಿ. ಮೊದಲು ಎತ್ತರದ ಜಾಗಗಳನ್ನು ನೋಡಿ. ವಿಕ್ಟೋರಿಯಾ ರೂಪಾಯಿಯಲ್ಲಿ ಕಿರೀಟ, ಕಿವಿಯ ಮೇಲಿನ ಕೂದಲು, ಕೆನ್ನೆ ಮತ್ತು ಉಡುಪಿನ ಕಸೂತಿ. ಬರಿದಲೆಯ ಏಳನೇ ಎಡ್ವರ್ಡ್ ರೂಪಾಯಿಯಲ್ಲಿ ಕಿವಿ ಮತ್ತು ಅದರ ಮೇಲಿನ ಕೂದಲು. ಐದನೇ ಜಾರ್ಜ್ ರೂಪಾಯಿಯಲ್ಲಿ ಹುಬ್ಬು, ಮೀಸೆ, ಕಿರೀಟದ ಮುತ್ತುಗಳು, ಎದೆಯ ಸರದಲ್ಲಿರುವ ಆನೆ. ಇವು ಚಪ್ಪಟೆಯಾಗಿದ್ದರೆ ಅದು ಬಳಕೆಯ ಸವೆತವೋ ಅಥವಾ ಅಚ್ಚು ಸರಿಯಾಗಿ ಒತ್ತದೆ ಹೋದದ್ದೋ ಎಂದು ಬೇರ್ಪಡಿಸಬೇಕು. ಸವೆದ ಜಾಗದ ಬಣ್ಣ ಸುತ್ತಲಿನ ಬಯಲಿಗಿಂತ ಮಂಕಾಗಿ ಬೂದಿಯಾಗಿರುತ್ತದೆ. ಒತ್ತು ಕಡಿಮೆಯಾದ ಜಾಗದಲ್ಲಿ ವಿವರ ಇಲ್ಲದಿದ್ದರೂ ಹೊಳಪು ಪಕ್ಕದ ಬಯಲಿನಷ್ಟೇ ಇರುತ್ತದೆ. ಚೆದುರಿದ ಬೆಳಕಿನ ಫೋಟೊದಲ್ಲಿ ಈ ವ್ಯತ್ಯಾಸ ಮಾಯವಾಗುವುದರಿಂದಲೇ ಮೂರನೆಯ ಹಂತ ಮೊದಲೇ ಮುಗಿದಿರಬೇಕು. ಸರದ ಆನೆಯ ವಿಷಯದಲ್ಲಿ ಒಂದು ಮಾತು: 1911ರ ರೂಪಾಯಿಯ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವಾಗಿ 1912ರಿಂದ ಅದನ್ನು ತಿದ್ದಲಾಯಿತು. ಆದ್ದರಿಂದ 1911ರ ಆನೆಯ ಮೊಂಡು ಸೊಂಡಿಲನ್ನು ಸವೆತವೆಂದು ಎಣಿಸಿ ಬೆಲೆ ಇಳಿಸಬೇಡಿ.

ತಿಕ್ಕಿದ್ದನ್ನು ಗುರುತಿಸಲು ಅಕ್ಷರಗಳ ಬುಡಕ್ಕೆ ಹೋಗಿ. ಬಯಲೆಲ್ಲ ಬೆಳ್ಳಗಿದ್ದು ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಕೊಳೆ ಉಳಿದಿದ್ದರೆ ಬಟ್ಟೆ ತಲುಪಿದ ಕಡೆ ತಲುಪಿದೆ, ತಲುಪದ ಕಡೆ ಬಿಟ್ಟಿದೆ ಎಂದರ್ಥ. ಗೀರುಗಳು ಒಂದೇ ದಿಕ್ಕಿಗೆ ಸಮಾಂತರವಾಗಿ ಓಡಿ, ಅಕ್ಷರದ ಪಕ್ಕಕ್ಕೆ ಬಂದಾಗ ನಿಂತುಹೋಗುವುದು ಇನ್ನೊಂದು ಸುಳಿವು. ಆ್ಯಸಿಡ್ ದ್ರವದಲ್ಲಿ ಅದ್ದಿದ ನಾಣ್ಯಕ್ಕೆ ಗೀರಿರುವುದಿಲ್ಲ, ಆದರೆ ಸವೆತಕ್ಕೆ ತಕ್ಕ ಮಾಸಲು ಎಲ್ಲಿಯೂ ಇಲ್ಲದೆ ತಲೆಯಿಂದ ಅಂಚಿನವರೆಗೆ ಒಂದೇ ಬಿಳುಪಿರುತ್ತದೆ. ಸಾಕಷ್ಟು ಸವೆದ, ಕಿವಿಯ ವಿವರ ಹೋದ ನೂರು ವರ್ಷದ ರೂಪಾಯಿ ಹೊಸದರಂತೆ ಬೆಳ್ಳಗಿದ್ದರೆ ಅದಕ್ಕೆ ಸಹಜ ಕಾರಣವೊಂದು ಸಿಗುವುದು ಕಷ್ಟ.

ಬಣ್ಣಬಣ್ಣದ ಟೋನಿಂಗ್ ಇರುವ ನಾಣ್ಯಗಳ ಫೋಟೊ ಎಲ್ಲರನ್ನೂ ಸೆಳೆಯುತ್ತದೆ. ಬೆಳ್ಳಿಯ ಮೇಲೆ ಕಟ್ಟಿದ ಸಿಲ್ವರ್ ಸಲ್ಫೈಡಿನ ತೆಳುಪದರದಲ್ಲಿ ಬೆಳಕು ಪ್ರತಿಫಲಿಸುವುದರಿಂದ ಆ ಬಣ್ಣಗಳು ಹುಟ್ಟುತ್ತವೆ. ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಫೋಟೊಗ್ರಾಫರ್ ಅತ್ಯಂತ ಅನುಕೂಲದ ಕೋನದಲ್ಲಿ ತೆಗೆದ ನೀಲಿ ಮತ್ತು ನೇರಳೆ ನಿಮ್ಮ ಕೈಯಲ್ಲಿ ಕಪ್ಪು ಕಂದಾಗಿ ಕಂಡರೆ ಫೋಟೊ ಸುಳ್ಳಲ್ಲ, ಅರ್ಧಸತ್ಯ. ಪಟ್ಟಿಯ ಉಳಿದ ಬೆಳ್ಳಿ ನಾಣ್ಯಗಳನ್ನೂ ನೋಡಿ: ಎಲ್ಲವೂ ನೀಲಿ ಛಾಯೆಯಲ್ಲಿದ್ದರೆ ಅದು ಕ್ಯಾಮೆರಾದ ಬಣ್ಣ, ಇದೊಂದೇ ನೀಲಿಯಾಗಿದ್ದರೆ ನಾಣ್ಯದ್ದು. ಬಣ್ಣ ಅಕ್ಷರಗಳ ಏರಿಳಿತವನ್ನು ಲೆಕ್ಕಿಸದೆ ಅವುಗಳ ಮೇಲೆ ತೇಲಿಹೋದಂತಿದ್ದರೆ ಮತ್ತು ತಿಳಿ ಹಳದಿಯಿಂದ ಕೆಂಪು ನೇರಳೆಗೆ, ಅಲ್ಲಿಂದ ನೀಲಿಗೆ ಎಂಬ ಕ್ರಮವಿಲ್ಲದೆ ಥಟ್ಟನೆ ಬದಲಾಗಿದ್ದರೆ ಕೃತಕ ಟೋನಿಂಗ್ ಎಂದು ಅನುಮಾನಿಸಿ.

ತಾಮ್ರ. ಟಿಪ್ಪುವಿನ ಆನೆ ಪೈಸೆಗಳಲ್ಲಿ ಸಹಜ ಸವೆತಕ್ಕಿಂತ ತಿದ್ದುಪಡಿಯೇ ದೊಡ್ಡ ಸಮಸ್ಯೆ. ಆನೆಯ ಸುತ್ತಲಿನ ಬಯಲು ನುಣ್ಣಗಿದ್ದು, ಹಿಂಬದಿಯ ಫಾರ್ಸಿ ಬರಹದ ಸುತ್ತ ಮಾತ್ರ ತೂತು ತೂತಾಗಿದ್ದರೆ ಮುಂಬದಿಯನ್ನು ಉಪಕರಣದಿಂದ ಕೆರೆದು ಸಮ ಮಾಡಿರುವ ಸಾಧ್ಯತೆ ಇದೆ, ಏಕೆಂದರೆ ಮಣ್ಣಿನಲ್ಲಿ ಹೂತಿದ್ದ ನಾಣ್ಯವನ್ನು ಸವುಳು ಒಂದೇ ಕಡೆ ತಿನ್ನುವುದು ಅಪರೂಪ. ಆನೆಯ ಕಣ್ಣು ಮತ್ತು ಸೊಂಡಿಲಿನ ಮಡಿಕೆಗಳು ದೇಹದ ಉಳಿದ ಭಾಗಕ್ಕಿಂತ ಚೂಪಾಗಿದ್ದರೆ ಅವನ್ನು ಈಚೆಗೆ ಕೊರೆದಿರಬಹುದು. ತಗ್ಗುಗಳಲ್ಲಿ ತಿಳಿ ಮಣ್ಣು ತುಂಬಿ, ಉಬ್ಬುಗಳು ಕಪ್ಪಾಗಿ ಎದ್ದು ಕಾಣುವಂತೆ ಮಾಡಿದ ನಾಣ್ಯ ಫೋಟೊದಲ್ಲಿ ಅಂದವಾಗಿರುತ್ತದೆ; ಮಣ್ಣು ಹೋದ ಮೇಲೆ ಅರ್ಧ ಚಿತ್ರವೇ ಇಲ್ಲವಾಗುತ್ತದೆ.

ಕಿಲುಬಿನಲ್ಲಿ ಎರಡು ಬಗೆಗಳನ್ನು ಬೇರೆಯಾಗಿ ನೋಡಿ. ಗಟ್ಟಿಯಾಗಿ ಅಂಟಿಕೊಂಡ ಕಡು ಹಸಿರು ಪದರ ಹಳೆಯದು, ಅದರಿಂದ ಮುಂದೆ ದೊಡ್ಡ ಅಪಾಯವಿಲ್ಲ. ತಿಳಿ ಹಸಿರು ಪುಡಿಯಂತೆ ಅಲ್ಲಲ್ಲಿ ಚುಕ್ಕೆಗಳಾಗಿ ಉಬ್ಬಿರುವುದು ಕ್ಲೋರೈಡಿನಿಂದ ಮುಂದುವರಿಯುತ್ತಿರುವ ರೋಗ, ತೇವ ಸಿಕ್ಕಷ್ಟೂ ಲೋಹವನ್ನು ತಿನ್ನುತ್ತ ಹೋಗುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಇಡುವವರು ಈ ಚುಕ್ಕೆ ಕಂಡ ಕೂಡಲೇ ಆ ಲಾಟ್ ಬಿಡುವುದು ಒಳ್ಳೆಯದು.

ಚಿನ್ನ. ಚಿನ್ನ ಮಾಸದ ಕಾರಣ ಬಣ್ಣದ ಮಟ್ಟಿಗೆ ಫೋಟೊ ಹೆಚ್ಚು ನಂಬಿಕೆಗೆ ಅರ್ಹ, ಅಸಲಿತನದ ಮಟ್ಟಿಗೆ ಅತಿ ಕಡಿಮೆ. ಸುಮಾರು 3.4 ಗ್ರಾಂ ತೂಗುವ ವಿಜಯನಗರದ ವರಹದ ಮೇಲೆ ದೇವರ ಮೂರ್ತಿ ಬಯಲನ್ನು ಸೇರುವ ಕೋನ ಅಚ್ಚೊತ್ತಿದ ನಾಣ್ಯದಲ್ಲಿ ಖಚಿತವಾಗಿರುತ್ತದೆ, ಎರಕದ ನಕಲಿನಲ್ಲಿ ದುಂಡಗಾಗಿ ಸೋಪಿನಂತೆ ಜಾರುತ್ತದೆ. ಆದರೆ ಅಚ್ಚಿನಿಂದಲೇ ಒತ್ತಿದ ನಕಲಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಬರೀ ಫೋಟೊ ನೋಡಿ ವರಹ ಕೊಳ್ಳಬೇಡಿ. ತೂಕ ಬರೆದಿರಬೇಕು, ಅಸಲಿಯಲ್ಲದಿದ್ದರೆ ಹಿಂದಿರುಗಿಸುವ ಹಕ್ಕು ಹರಾಜಿನ ನಿಯಮಗಳಲ್ಲಿ ಲಿಖಿತವಾಗಿರಬೇಕು.

ಹಂತ 7: ಫೋಟೊದಲ್ಲಿ ಇಲ್ಲದ ಮೂರನೆಯ ಬದಿ

ಪಟ್ಟಿಗಳಲ್ಲಿ ಮುಂಬದಿ ಮತ್ತು ಹಿಂಬದಿ ಮಾತ್ರ ಇರುತ್ತವೆ, ದಪ್ಪ ಕಾಣುವ ಪಕ್ಕದ ಅಂಚು ಇರುವುದಿಲ್ಲ. ಕಾಸಿನ ಸರಕ್ಕೂ ಪದಕಕ್ಕೂ ಕೊಂಡಿ ಬೆಸೆದು, ಮುಂದೆ ಯಾವಾಗಲೋ ತೆಗೆದು, ಅರದಿಂದ ಉಜ್ಜಿ ಮಾರಾಟಕ್ಕೆ ಬಂದ ನಾಣ್ಯಗಳು ನಮ್ಮ ದೇಶದಲ್ಲಿ ಲೆಕ್ಕವಿಲ್ಲದಷ್ಟಿವೆ. ಕೊಂಡಿಯನ್ನು ಸಾಮಾನ್ಯವಾಗಿ ರಾಜನ ತಲೆಯ ಮೇಲೆ, ಹನ್ನೆರಡು ಗಂಟೆಯ ಜಾಗದಲ್ಲಿ ಬೆಸೆದಿರುತ್ತಾರೆ, ಏಕೆಂದರೆ ನೇತಾಡುವಾಗ ಮುಖ ನೆಟ್ಟಗಿರಬೇಕು. ಆ ಜಾಗದ ಮಣಿಗಳನ್ನು ಎರಡೂ ಬದಿಯ ಚಿತ್ರಗಳಲ್ಲಿ ಎಣಿಸುತ್ತ ನೋಡಿ: ಎರಡು ಮೂರು ಮಣಿ ಕರಗಿ ಒಂದಾಗಿದ್ದರೆ, ಅಲ್ಲಿನ ಬೆಳ್ಳಿ ತುಸು ಹಳದಿ ಅಥವಾ ಬೂದಿಯಾಗಿದ್ದರೆ, ಸುತ್ತಳತೆ ಅಲ್ಲಿ ಕೂದಲೆಳೆಯಷ್ಟು ಚಪ್ಪಟೆಯಾಗಿದ್ದರೆ ಅದು ಬೆಸುಗೆಯ ಗುರುತು. ಕೆಲವರು ಸುತ್ತಲೂ ಚೌಕಟ್ಟು ಹಾಕಿಸಿರುತ್ತಾರೆ, ಆಗ ಅಂಚಿನ ಮಣಿಗಳೆಲ್ಲ ಒಂದೇ ಸಮನೆ ಮಂಕಾಗಿರುತ್ತವೆ.

ಮುಚ್ಚಿದ ತೂತು ಇದಕ್ಕಿಂತ ಕಷ್ಟ. ಅಕ್ಷರವೊಂದರ ಆಕಾರ ಪಕ್ಕದವುಗಳಿಗೆ ಹೊಂದದಿದ್ದರೆ, ಎರಡೂ ಬದಿಯಲ್ಲಿ ಒಂದೇ ಜಾಗಕ್ಕೆ ಬರುವ ದುಂಡು ಕಲೆ ಇದ್ದರೆ ತೂಕ ಕೇಳಿ. ಬ್ರಿಟಿಷ್ ಇಂಡಿಯಾ ರೂಪಾಯಿಯ ಪ್ರಮಾಣ ತೂಕ 11.66 ಗ್ರಾಂ, ಚೆನ್ನಾಗಿ ಉಳಿದ ನಾಣ್ಯ 11.4ಕ್ಕೆ ಇಳಿದಿದ್ದರೆ ವಿವರಣೆ ಬೇಕು. ಸರಾಫರು ಬೆಳ್ಳಿ ಪರೀಕ್ಷಿಸಲು ಹೊಡೆದ ಸಣ್ಣ ಗುರುತುಗಳು ಬೇರೆ ವಿಷಯ. ಅವು ನಾಣ್ಯದ ಬಳಕೆಯ ಭಾಗ, ಆದರೂ ಬೆಲೆ ಇಳಿಸುತ್ತವೆ, ಮತ್ತು ಅಕ್ಷರಗಳ ನಡುವೆ ಬಿದ್ದಿದ್ದರೆ ಚಿಕ್ಕ ಫೋಟೊದಲ್ಲಿ ಕಾಣುವುದಿಲ್ಲ.

ಹಂತ 8: ಎರಡೂ ಚಿತ್ರಗಳು ಒಂದೇ ನಾಣ್ಯದವೇ?

ಹಸ್ತಚಾಲಿತ ಅಚ್ಚಿನ ನಾಣ್ಯಗಳಲ್ಲಿ ಇದನ್ನು ತಿಳಿಯುವುದು ಸುಲಭ. ಹಿಂಬದಿಯ ಚಿತ್ರವನ್ನು ಎಡಬಲ ಅದಲುಬದಲಾಗಿಸಿ, ಅರೆ ಪಾರದರ್ಶಕ ಮಾಡಿ ಮುಂಬದಿಯ ಮೇಲಿಟ್ಟು ನಿಧಾನವಾಗಿ ತಿರುಗಿಸಿ. ಬಿಲ್ಲೆಯ ಅಂಕುಡೊಂಕು, ಸೀಳು, ಚಪ್ಪಟೆ ಅಂಚು ಎಲ್ಲವೂ ಎಲ್ಲಾದರೊಂದು ಕೋನದಲ್ಲಿ ಕೂಡಿಬರಬೇಕು. ಬಾರದಿದ್ದರೆ ಚಿತ್ರಗಳು ಬೆರಕೆಯಾಗಿವೆ ಅಥವಾ ಅಂಚನ್ನು ತಿದ್ದಲಾಗಿದೆ. ಯಂತ್ರದ ನಾಣ್ಯದಲ್ಲಿ ಅಂಚಿನ ಪೆಟ್ಟುಗಳನ್ನು ಹೀಗೆ ಹೊಂದಿಸಿ ನೋಡಬಹುದು.

ಆಮೇಲೆ ಹಳೆಯ ಮಾರಾಟಗಳನ್ನು ಹುಡುಕಿ. ನ್ಯುಮಿಸ್‌ಬಿಡ್ಸ್ ತಾಣದಲ್ಲಿ ಮುಗಿದ ಹರಾಜುಗಳ ಚಿತ್ರಗಳಿವೆ, ಝೆನೋ ತಾಣದಲ್ಲಿ ಪೌರ್ವಾತ್ಯ ನಾಣ್ಯಗಳ ದೊಡ್ಡ ಸಂಗ್ರಹವಿದೆ, ಗೂಗಲ್ ಲೆನ್ಸ್ ಅದೇ ಚಿತ್ರ ಬೇರೆಡೆ ಬಂದಿದ್ದರೆ ತೋರಿಸಬಲ್ಲದು. ಅದೇ ನಾಣ್ಯ ಹಿಂದೊಮ್ಮೆ ಮಾಸಲಾಗಿ ಮಾರಾಟವಾಗಿ ಈಗ ಬೆಳ್ಳಗೆ ಬಂದಿದ್ದರೆ ನಡುವೆ ಏನಾಗಿದೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ.

ಸ್ಲ್ಯಾಬ್‌ನಲ್ಲಿರುವ, ಅಂದರೆ ಪರೀಕ್ಷಕ ಸಂಸ್ಥೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿದ ನಾಣ್ಯಕ್ಕೆ ಪ್ರಮಾಣಪತ್ರದ ಸಂಖ್ಯೆಯನ್ನು ಎನ್‌ಜಿಸಿ ಅಥವಾ ಪಿಸಿಜಿಎಸ್ ಎಂಬ ಆ ಸಂಸ್ಥೆಗಳ ತಾಣದಲ್ಲಿ ಹಾಕಿ ನೋಡಿ. ಅಲ್ಲಿ ಚಿತ್ರವಿದ್ದರೆ ಹರಾಜಿನ ಚಿತ್ರದೊಂದಿಗೆ ಗುರುತುಗಳನ್ನು ಒಂದೊಂದಾಗಿ ಹೋಲಿಸಿ. ಸಂಖ್ಯೆ ಇದೆ ಎಂದಷ್ಟಕ್ಕೆ ನಿಲ್ಲಬೇಡಿ, ನಕಲಿ ಪೆಟ್ಟಿಗೆಯ ಮೇಲೆ ಅಸಲಿ ಸಂಖ್ಯೆ ಮುದ್ರಿಸುವುದು ಕಷ್ಟದ ಕೆಲಸವೇನಲ್ಲ. ಗೀರು ನಾಣ್ಯದ್ದೋ ಪ್ಲಾಸ್ಟಿಕ್ಕಿನದ್ದೋ ಎಂಬ ಸಂಶಯಕ್ಕೆ ಅದರ ಎರಡು ತುದಿಗಳನ್ನು ನೋಡಿ: ನಾಣ್ಯದ ಅಂಚನ್ನು ದಾಟಿ ಸುತ್ತಲಿನ ಒಳಪಟ್ಟಿಯ ಮೇಲೂ ಗೀರು ಮುಂದುವರಿದಿದ್ದರೆ ಅದು ಪ್ಲಾಸ್ಟಿಕ್ಕಿನದ್ದು. ಸ್ಲ್ಯಾಬ್‌ನ ಚೀಟಿಯ ಮೇಲೆ ‘ಡೀಟೇಲ್ಸ್’ (ನಾಣ್ಯಕ್ಕೆ ದೋಷವಿದೆ ಎಂಬ ಸೂಚನೆ) ಎಂಬ ಪದವಿದೆಯೇ ಎಂದು ಫೋಟೊದಲ್ಲಿ ತಪ್ಪದೆ ಓದಿ. ನಾಣ್ಯ ತಿಕ್ಕಿದ್ದೋ ಕೊಂಡಿ ತೆಗೆದದ್ದೋ ಎಂಬುದನ್ನು ಪರೀಕ್ಷಕರು ಅದರ ಪಕ್ಕದಲ್ಲೇ ಬರೆದಿರುತ್ತಾರೆ.

ಹಂತ 9: ಪ್ರಶ್ನೆ ಕೇಳಿ, ಸಾಧ್ಯವಾದರೆ ಹೋಗಿ ನೋಡಿ

ಇಷ್ಟು ಹೊತ್ತಿಗೆ ನಿಮ್ಮ ಬಳಿ ಅನುಮಾನಗಳ ಪಟ್ಟಿ ಇರುತ್ತದೆ. ‘ನಾಣ್ಯ ಚೆನ್ನಾಗಿದೆಯೇ ಸರ್’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಹೌದು ಅಥವಾ ಇಲ್ಲ ಎಂದೇ ಹೇಳಬೇಕಾದ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕಳಿಸಿ:

“ನಮಸ್ಕಾರ. ಲಾಟ್ ಸಂಖ್ಯೆ 214ರ ರೂಪಾಯಿಯ ಬಗ್ಗೆ ಕೇಳುತ್ತಿದ್ದೇನೆ. ಹನ್ನೆರಡು ಗಂಟೆಯ ಜಾಗದಲ್ಲಿ ಕೊಂಡಿ ತೆಗೆದ ಗುರುತು ಇದೆಯೇ? ಆ ಭಾಗದ ಪಕ್ಕದಂಚಿನ ಒಂದು ಫೋಟೊ ಕಳಿಸುವಿರಾ? ತೂಕ ಎರಡು ದಶಮಾಂಶದವರೆಗೆ ಎಷ್ಟು? ಒಂದೇ ದೀಪದ ಕೆಳಗೆ ನಾಣ್ಯವನ್ನು ನಿಧಾನವಾಗಿ ವಾಲಿಸುವ ಹತ್ತು ಸೆಕೆಂಡಿನ ವಿಡಿಯೊ ಸಿಕ್ಕರೆ ಉಪಕಾರವಾಗುತ್ತದೆ.”

ಆ ವಿಡಿಯೊದಲ್ಲಿ ನೋಡಬೇಕಾದದ್ದು ಒಂದೇ. ಮೂಲ ಹೊಳಪಿದ್ದರೆ ನಾಣ್ಯ ವಾಲಿದಂತೆ ಬೆಳಕಿನ ಪಟ್ಟಿ ಬಯಲಿನ ಮೇಲೆ ಚಕ್ರದ ಅರೆಯಂತೆ ತುಂಡಾಗದೆ ತಿರುಗುತ್ತದೆ. ತಿಕ್ಕಿದ ನಾಣ್ಯದಲ್ಲಿ ಒಮ್ಮೆಲೇ ಇಡೀ ಮೈ ಮಿಂಚಿ ಆರಿಹೋಗುತ್ತದೆ. ವಿಡಿಯೊ ಕಳಿಸುವಾಗ ವಾಟ್ಸ್ಯಾಪ್ ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ. ಉತ್ತರವನ್ನೇ ಕೊಡದ ಕಡೆ ಫೋಟೊದಲ್ಲಿ ಕಂಡ ಅತಿ ಕೆಟ್ಟ ಸಾಧ್ಯತೆಯನ್ನೇ ನಿಜವೆಂದು ಹಿಡಿಯಿರಿ. ಚಿತ್ರಕ್ಕೂ ವಿವರಣೆಗೂ ಜಗಳ ಬಂದಾಗಲೂ ಅಷ್ಟೆ, ಎರಡರಲ್ಲಿ ಕೆಟ್ಟದ್ದನ್ನು ನಂಬಿ.

ಹರಾಜಿಗೆ ಮುಂಚಿನ ವೀಕ್ಷಣೆಗೆ ಹೋಗುವವರು ಭೂತಗನ್ನಡಿಯ ಜೊತೆ ಪಟ್ಟಿಯ ಫೋಟೊವನ್ನೂ ತೆಗೆದುಕೊಂಡು ಹೋಗಿ, ನೀವು ಬಿಡ್ ಮಾಡದ ಲಾಟ್‌ಗಳನ್ನೂ ಹೋಲಿಸಿ ನೋಡಿ. ಆ ಸಂಸ್ಥೆಯ ಕ್ಯಾಮೆರಾ ಯಾವ ಕಡೆ ವಾಲುತ್ತದೆಂದು ಮುಂದಿನ ಹಲವು ಹರಾಜುಗಳಿಗೆ ತಿಳಿಯುತ್ತದೆ. ಹೊರದೇಶದಲ್ಲಿರುವ ಕನ್ನಡಿಗರು ಊರಿನಲ್ಲಿ ಒಬ್ಬ ನಂಬಿಕಸ್ತರನ್ನು ಕಳಿಸುವುದು ಲೇಸು, ಏಕೆಂದರೆ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಗೆದ್ದ ನಾಣ್ಯ ಹೇಗೂ ಇಲ್ಲಿಯೇ ಇರಬೇಕಾಗುತ್ತದೆ.

ಹಂತ 10: ಬೆಲೆ ಕಟ್ಟಿ, ಬಂದ ಮೇಲೆ ದಾಖಲಿಸಿ

ನಿಮ್ಮ ಅಂದಾಜನ್ನು ಒಂದು ದರ್ಜೆಯಾಗಿ ಬರೆಯಬೇಡಿ, ಎರಡಾಗಿ ಬರೆಯಿರಿ: ಫೋಟೊ ನಿಜವಾಗಿದ್ದರೆ ಏನು, ಉಳಿದ ಅನುಮಾನ ನಿಜವಾದರೆ ಏನು. ಬಿಡ್ ಎರಡನೆಯದರ ಹತ್ತಿರ ನಿಲ್ಲಲಿ. ಅದರ ಮೇಲೆ ಖರೀದಿದಾರರ ಶುಲ್ಕ, ಜಿಎಸ್‌ಟಿ, ಅಂಚೆ ವೆಚ್ಚ ಸೇರುತ್ತವೆ. 1939ರ ರೂಪಾಯಿಯಂಥ ದುಬಾರಿ ವರ್ಷವಾದರೆ ಕೊನೆಯ ಅಂಕಿಯ ಹತ್ತಿರದ ಚಿತ್ರ ಕೈಗೆ ಬರುವ ತನಕ ಬಿಡ್ ಹಾಕಲೇಬೇಡಿ. ಅಂಕಿಯ ಸುತ್ತ ಕೆರೆದ ಅಥವಾ ಬಣ್ಣ ಬದಲಾದ ಬಯಲು ಇದ್ದರೆ ಇಸವಿ ತಿದ್ದಿರುವ ಸಂಶಯ ಇಟ್ಟುಕೊಳ್ಳಬೇಕು.

ಹರಾಜು ಮುಗಿದ ದಿನವೇ ಲಾಟ್‌ನ ಚಿತ್ರ ಮತ್ತು ವಿವರಣೆಯನ್ನು ಉಳಿಸಿಕೊಳ್ಳಿ, ಕೆಲವು ತಾಣಗಳಲ್ಲಿ ಆಮೇಲೆ ಅವು ಸಿಗುವುದಿಲ್ಲ. ಪೊಟ್ಟಣ ಬಂದಾಗ ಮುದ್ರೆ ಒಡೆಯುವುದರಿಂದ ಹಿಡಿದು ತಕ್ಕಡಿಯ ಮೇಲಿಡುವವರೆಗೆ ಒಂದೇ ವಿಡಿಯೊದಲ್ಲಿ ತೆಗೆಯಿರಿ. ಹರಾಜಿನ ಚಿತ್ರದ ಬೆಳಕು ಯಾವ ದಿಕ್ಕಿನದೆಂದು ಮೂರನೆಯ ಹಂತದಲ್ಲೇ ತಿಳಿದಿದ್ದೀರಿ, ದೀಪವನ್ನು ಅದೇ ದಿಕ್ಕಿನಲ್ಲಿಟ್ಟು ಮೊದಲು ಹೋಲಿಸಿ, ಆಮೇಲೆ ತಗ್ಗಿಸಿದ ದೀಪದಲ್ಲಿ ನೋಡಿ. ಒಂದು ಪುಸ್ತಕದಲ್ಲಿ ಹರಾಜು ಸಂಸ್ಥೆ, ಲಾಟ್ ಸಂಖ್ಯೆ, ಬೆಳಕಿನ ಬಗೆ, ನೀವು ಊಹಿಸಿದ ದರ್ಜೆ, ಕೈಯಲ್ಲಿ ಕಂಡ ದರ್ಜೆ ಇಷ್ಟನ್ನು ಒಂದು ಸಾಲಿನಲ್ಲಿ ಬರೆಯಿರಿ.

ದೂರು ಕೊಡಬೇಕಾಗಿದ್ದರೆ ನಿಯಮದಲ್ಲಿರುವ ಗಡುವು ಹರಾಜಿನ ದಿನದಿಂದ ಎಣಿಕೆಯೋ, ನಾಣ್ಯ ತಲುಪಿದ ದಿನದಿಂದಲೋ ಎಂದು ಮೊದಲು ಓದಿ. ನಾಣ್ಯವನ್ನು ಅದು ಬಂದ ಕವರಿನಲ್ಲಿಯೇ ಇಡಿ, ತೊಳೆಯಬೇಡಿ, ಸ್ಲ್ಯಾಬ್ ಒಡೆಯಬೇಡಿ, ಬಟ್ಟೆಯಿಂದ ಒರೆಸಲೂ ಬೇಡಿ. ಒಮ್ಮೆ ನಿಮ್ಮ ಕೈ ಆಡಿದ ಮೇಲೆ ಆ ಗೀರು ಯಾರದ್ದೆಂದು ಸಾಬೀತು ಮಾಡುವ ದಾರಿ ಇರುವುದಿಲ್ಲ.